ವಾಚು, ಎದೆಪಟ್ಟಿ, ಬೆರಳು, ಮಾತು: ಸ್ಟೆಂಟ್ ಹಾಕಿಸಿಕೊಂಡವನ ವಾಕಿಂಗ್ ಲೆಕ್ಕ

ಹೃದಯದ ರಕ್ತನಾಳ ತೆರೆದಿಡುವ ಸ್ಟೆಂಟ್ ಹಾಕಿಸಿಕೊಂಡು ಎರಡು ವರ್ಷವಾಯಿತು. ವಯಸ್ಸು 58. ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ ನಡೆಯುತ್ತೇನೆ. ದಿನಾ ಮೆಟೊಪ್ರೊಲಾಲ್ ಮಾತ್ರೆ, ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಜಾತಿಯದು. ನಡೆಯುವಾಗ ಬಡಿತ ಎಷ್ಟಿರಬೇಕು ಅನ್ನುವ ಲೆಕ್ಕ ಕೆಡಿಸುವುದೇ ಈ ಮಾತ್ರೆ. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಎದೆಬಡಿತ ಅಂತಾರಲ್ಲ, ನನಗದು 162. ಆದರೆ ಬೀಟಾ ಬ್ಲಾಕರ್ ಬಡಿತವನ್ನು ಅಷ್ಟಕ್ಕೆ ಏರಲು ಬಿಡುವುದಿಲ್ಲ. ಟಿಎಂಟಿಯಲ್ಲಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ) ನಾನು ಸುಸ್ತಾಗಿ ಸಾಕು ಎಂದಾಗ ಇದ್ದದ್ದು 124. ಅದನ್ನು ನೋಡಿ ಡಾಕ್ಟರ್ ನಡೆಯುವಾಗ ದಾಟಬಾರದು ಅಂತ ಹಾಕಿಕೊಟ್ಟ ಗೆರೆ 105.

ಮೊದಲು ಮಗಳು ಕೊಡಿಸಿದ ವಾಚು. ಹಸಿರು ಬೆಳಕು ಬಿಟ್ಟು ಚರ್ಮದಡಿ ರಕ್ತದ ಏರಿಳಿತ ನೋಡಿ ಎಣಿಸುತ್ತದೆ. ಕೂತಿದ್ದಾಗ ಸರಿಯಾಗೇ ಇರುತ್ತದೆ. ಒಂದು ದಿನ ಬಿರುಸಾಗಿ ನಡೆಯುತ್ತಿದ್ದಾಗ 118 ತೋರಿಸಿತು. ಎದೆ ಧಸಕ್ ಅಂತು. ಬೆಂಚಿನ ಮೇಲೆ ಕೂತ ಕೂಡಲೇ ಹೆಬ್ಬೆರಳ ಬುಡದ ಕೆಳಗೆ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿದೆ. 23. ನಾಲ್ಕರಿಂದ ಗುಣಿಸಿದರೆ 92. ಕೂತರೆ ಬಡಿತ ಇಳಿಯುತ್ತೆ ನಿಜ, ಆದರೆ ಅಷ್ಟು ಬೇಗ 26 ಇಳಿಯುತ್ತಾ? ಎದ್ದು ಅದೇ ವೇಗದಲ್ಲಿ ಹೆಜ್ಜೆ ಎಣಿಸಿದೆ: ನಿಮಿಷಕ್ಕೆ ಸುಮಾರು 118! ವಾಚು ನನ್ನ ಹೆಜ್ಜೆಯನ್ನೇ ನಾಡಿ ಅಂದುಕೊಂಡಿತ್ತು. ಪಟ್ಟಿ ಬಿಗಿ ಮಾಡಿ, ಮಣಿಕಟ್ಟಿನಿಂದ ಸ್ವಲ್ಪ ಮೇಲಕ್ಕೆ ಕಟ್ಟಿದ ಮೇಲೆ ಈ ಕಾಟ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಬೆರಳಿಗೆ ಖರ್ಚಿಲ್ಲ. ಆದರೆ ನಿಂತು ಎಣಿಸಬೇಕು, ಪದೇ ಪದೇ ನಿಂತರೆ ಅದೇನು ವಾಕಿಂಗ್?

ಎದೆಪಟ್ಟಿ ಇಸಿಜಿಯ ಹಾಗೆ ಹೃದಯದ ವಿದ್ಯುತ್ತನ್ನೇ ಹಿಡಿಯುತ್ತದೆ. ನಂಬಬಹುದು. ಒದ್ದೆ ಮಾಡಿ ಕಟ್ಟಬೇಕು, ಒಣಗಿದ್ದರೆ ಏನೇನೋ ತೋರಿಸುತ್ತೆ. ಡಿಸೆಂಬರಿನ ಚಳಿಯಲ್ಲಿ ಆ ತಣ್ಣನೆ ಪಟ್ಟಿ ಎದೆಗೆ ತಾಗಿದಾಗಿನ ಸುಖ ಕೇಳಬೇಡಿ.

ಆದರೆ ಬಡಿತ ಸರಿಯಾಗಿ ಗೊತ್ತಾದರೆ ಮುಗಿಯಲಿಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಲು ಹೋಗಿದ್ದೆವು. ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಇರಲಿಲ್ಲ. ದೊಡ್ಡ ಬಸವಣ್ಣ ಇನ್ನೂ ಎಷ್ಟೋ ಮೇಲಿದ್ದ, ಎದೆಪಟ್ಟಿಯಲ್ಲಿ 101. ಗೆರೆ ದಾಟಿಲ್ಲ ಅಂತ ಹತ್ತುತ್ತಲೇ ಇದ್ದೆ. ಹೆಂಡತಿ ಏನೋ ಕೇಳಿದಳು. "ಹೂಂ" ಅನ್ನೋದಕ್ಕೂ ಉಸಿರು ಸಾಲಲಿಲ್ಲ. "ರೀ, ಮೊದಲು ಕೂತ್ಕೊಳ್ಳಿ" ಅಂದಳು. ಕೂತೆ. ಮಾತ್ರೆ ಬಡಿತವನ್ನು ಅದುಮಿಟ್ಟಿತ್ತು, ಶ್ರಮವನ್ನಲ್ಲ.

ಅಂದಿನಿಂದ ನನ್ನ ಓಟು ಮಾತಿಗೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ರಿಹ್ಯಾಬ್‌ನಲ್ಲಿ (ಹೃದ್ರೋಗಿಗಳಿಗೆ ವ್ಯಾಯಾಮ ಕಲಿಸುವ ತರಬೇತಿ) ಬೋರ್ಗ್ ಅಳತೆಯನ್ನೂ ಕಲಿಸಿದ್ದರು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಮಾಡಿದ್ದು. ಎಷ್ಟು ಶ್ರಮ ಅನ್ನಿಸುತ್ತೆ ಅಂತ 6ರಿಂದ 20ರೊಳಗೆ ನಾವೇ ಅಂಕ ಕೊಟ್ಟುಕೊಳ್ಳುವುದು. ಅಂಕವನ್ನು ಹತ್ತರಿಂದ ಗುಣಿಸಿದರೆ ಹತ್ತಿರ ಹತ್ತಿರ ಬಡಿತ ಸಿಗಲಿ ಅಂತ 6ರಿಂದ ಶುರು. ಮಾತ್ರೆ ತಗೊಳ್ಳುವವರಿಗೆ ಆ ಗುಣಾಕಾರ ಹೊಂದುವುದಿಲ್ಲ, ಅಂಕ ಮಾತ್ರ ಉಪಯೋಗಕ್ಕೆ ಬರುತ್ತದೆ. ನಾನು 11ರಿಂದ 13ರಲ್ಲಿ ಇರುತ್ತೇನೆ. ಎದೆನೋವು, ತಲೆಸುತ್ತು ಬಂದರೆ ಯಾವ ಅಂಕವೂ ಬೇಡ, ನಿಲ್ಲಿಸಿಬಿಡಬೇಕು.

ಒಬ್ಬನೇ ಹೋದ ದಿನ ಎದೆಪಟ್ಟಿ ಕಟ್ಟುತ್ತೇನೆ. ಹೋದ ತಿಂಗಳು ಡಾಕ್ಟರ್ ಮಾತ್ರೆಯನ್ನು 50 ಮಿಲಿಗ್ರಾಂನಿಂದ 25ಕ್ಕೆ ಇಳಿಸಿದರು. ಅಲ್ಲಿಗೆ ಆ 105 ಕೂಡ ಹಳೇದಾಯಿತು. ಮುಂದಿನ ವಾರ ಇನ್ನೊಂದು ಟಿಎಂಟಿ ಇದೆ.