ಮಡಿಕೇರಿಯಿಂದ ಏನು ತರೋದು: ಕಾಫಿಪುಡಿಯೋ, ಮನೆ ವೈನೋ?

ಮಡಿಕೇರಿ ಪೇಟೆಯಲ್ಲಿ ಎರಡೂ ಸಿಗುತ್ತವೆ. ಚೀಲದಲ್ಲಿ ಜಾಗ ಒಂದಕ್ಕೇ ಇದ್ದರೆ ನನ್ನ ಓಟು ಕಾಫಿಗೆ.

ಆದರೆ ಯಾವ ಕಾಫಿ? ಅರೇಬಿಕಾ ಮೃದು, ಘಮ ಜಾಸ್ತಿ, ತುಸು ಹುಳಿ. ಕೂರ್ಗ್ ಅರೇಬಿಕಾಕ್ಕೆ 2019ರಲ್ಲಿ ಜಿಐ ಟ್ಯಾಗ್ (ಇದು ಇದೇ ಸೀಮೆಯದು ಅನ್ನುವ ಭೌಗೋಳಿಕ ಗುರುತು) ಕೂಡ ಸಿಕ್ಕಿದೆ. ರೊಬಸ್ಟಾ ಕಹಿ, ಖಡಕ್. ಕೆಫೀನ್ ಹೆಚ್ಚುಕಡಿಮೆ ಎರಡರಷ್ಟು. ನೀವು ಹಾಲು ಹಾಕಿ ಕುಡಿಯುವವರಾದರೆ ಬರೀ ಅರೇಬಿಕಾ ಸಪ್ಪೆ ಅನಿಸಬಹುದು. ಸ್ವಲ್ಪ ರೊಬಸ್ಟಾ ಬೆರೆಸಿ ಪುಡಿ ಮಾಡಿಸಿಕೊಳ್ಳಿ. ಬ್ಲ್ಯಾಕ್ ಕಾಫಿಯವರಿಗೆ ಅರೇಬಿಕಾನೇ ಸರಿ. ಪ್ಯಾಕೆಟ್ ಮೇಲೆ ಚಿಕೋರಿ ಎಷ್ಟು ಅಂತ ಬರೆದಿರುತ್ತದೆ, ನೋಡಿ. ನಾನೊಮ್ಮೆ ನೋಡದೆ ತಂದು ಮನೆಯಲ್ಲಿ ಬೈಸಿಕೊಂಡೆ. ಡಿಕಾಕ್ಷನ್ ಕಪ್ಪಗೇನೋ ಇತ್ತು, ಘಮವೇ ಇಲ್ಲ! ಮಿಕ್ಸಿಯೋ ಗ್ರೈಂಡರೋ ಇದ್ದರೆ ಹುರಿದ ಬೀಜವನ್ನೇ ತನ್ನಿ. ಪುಡಿಯ ಘಮ ಬೇಗ ಹೋಗುತ್ತದೆ.

ವೈನ್ ಮಜವೇ ಬೇರೆ. ದ್ರಾಕ್ಷಿ, ಶುಂಠಿ, ಪ್ಯಾಷನ್ ಫ್ರೂಟ್, ವೀಳ್ಯದೆಲೆ, ಗಾಂಧಾರಿ ಮೆಣಸಿನದೂ ಉಂಟು. ಬಹುಪಾಲು ಸಿಹಿ ಜಾಸ್ತಿ. ಡ್ರೈ ವೈನ್, ಅಂದರೆ ಸಿಹಿ ಇಲ್ಲದ ವೈನ್ ಅಭ್ಯಾಸ ಇದ್ದವರಿಗೆ ಪಾನಕದಂತೆ ಅನಿಸುತ್ತದೆ. ಲೇಬಲ್ ಇಲ್ಲದ ಬಾಟಲಿ ಬೇಡ. ರುಚಿ ನೋಡಲು ಕೊಡ್ತಾರಾ ಅಂತ ಕೇಳಿ, ಸಂಕೋಚ ಯಾಕೆ? ಮತ್ತೆ, ಘಾಟಿಯ ತಿರುವುಗಳಲ್ಲಿ ಗಾಜಿನ ಬಾಟಲಿ ಮಡಿಲಲ್ಲೇ ಇಟ್ಟುಕೊಂಡು ಕೂರಬೇಕಾಗುತ್ತದೆ.