ಹಾಸನದ ಮಕ್ಕಳಿಗೆ ಸಿಗುವ ಸಿಡಿಎಸ್, ಎಸ್‌ಎಸ್‌ಬಿ ಕೋಚಿಂಗ್ ಪ್ಯಾಕೇಜ್: ಯಾವ ಭಾಗಕ್ಕೆ ದುಡ್ಡು ಕೊಡಬಹುದು?

ಡಿಗ್ರಿ ಓದುವ ಮಗನೋ ಮಗಳೋ ‘ಸೈನ್ಯಕ್ಕೆ ಆಫೀಸರ್ ಆಗಿ ಹೋಗ್ತೀನಿ’ ಅಂದ ಕೂಡಲೇ ಮನೆಯವರು ಕೇಳುವುದು ಕೋಚಿಂಗ್ ಎಲ್ಲಿ, ಫೀಸ್ ಎಷ್ಟು ಅಂತ. ಸಿಡಿಎಸ್ ಅಂದರೆ ಆಫೀಸರ್ ಆಗಲು ಬರೆಯುವ ಲಿಖಿತ ಪರೀಕ್ಷೆ; ಎಸ್‌ಎಸ್‌ಬಿ ಅಂದರೆ ಅದರಲ್ಲಿ ಗೆದ್ದವರನ್ನು ಸೇನೆಯವರೇ ಕರೆದು ನೋಡುವ ಐದು ದಿನದ ಆಯ್ಕೆ. ಹಾಸನ, ಚಿಕ್ಕಮಗಳೂರಿನವರಿಗೆ ಊರಲ್ಲೇ ಆಗಲಿ, ಆನ್‌ಲೈನಲ್ಲೇ ಆಗಲಿ ಸಿಗುವ ಪ್ಯಾಕೇಜಿನೊಳಗೆ ಸಾಮಾನ್ಯವಾಗಿ ಇರುವುದು ಇಷ್ಟು: ಲಿಖಿತ ಪರೀಕ್ಷೆಯ ಪಾಠ, ಮನೋವಿಜ್ಞಾನ ಪರೀಕ್ಷೆಯ ಅಭ್ಯಾಸ, ಮೈದಾನದ ಗುಂಪು ಕೆಲಸ, ಮಾಕ್ ಇಂಟರ್‌ವ್ಯೂ. ನಮ್ಮ ತೀರ್ಮಾನ ಮೊದಲೇ ಹೇಳುತ್ತೇವೆ. ಲಿಖಿತದ ಪಾಠಕ್ಕೆ ದುಡ್ಡು ಬೇಡ. ಗುಂಪಿನಲ್ಲಿ ಕೂರಿಸಿ ಮಾತಾಡಿಸುವ ತರಗತಿಗೆ ಕೊಡಬಹುದು. ಸಿದ್ಧ ಕತೆ ಬಾಯಿಪಾಠ ಮಾಡಿಸುವ ಕಡೆಗೆ ತಲೆ ಹಾಕಿಯೂ ಮಲಗಬೇಡಿ.

ಲಿಖಿತ ಪರೀಕ್ಷೆ ನೋಡೋಣ. ಯುಪಿಎಸ್‌ಸಿ ಸಿಡಿಎಸ್ ಪರೀಕ್ಷೆಯನ್ನು ವರ್ಷಕ್ಕೆ ಎರಡು ಸಲ ನಡೆಸುತ್ತದೆ. ಭೂಸೇನೆಯ ಆಫೀಸರ್‌ಗಳನ್ನು ತರಬೇತು ಮಾಡುವ ಡೆಹ್ರಾಡೂನಿನ ಐಎಂಎ ಅಕಾಡೆಮಿ ಬೇಕೆನ್ನುವವರಿಗೆ ಇಂಗ್ಲಿಷ್, ಸಾಮಾನ್ಯ ಜ್ಞಾನ, ಗಣಿತ, ಒಂದೊಂದಕ್ಕೆ 100 ಅಂಕ, ಎರಡೆರಡು ಗಂಟೆ. ಇನ್ನೊಂದು ತರಬೇತಿ ಅಕಾಡೆಮಿಯಾದ ಚೆನ್ನೈನ ಒಟಿಎಗೆ ಗಣಿತವಿಲ್ಲ, 200 ಅಂಕ ಅಷ್ಟೆ. ಬಿಎ, ಬಿಕಾಂ ಮಕ್ಕಳು ಗಣಿತಕ್ಕೆ ಹೆದರಿ ಇಡೀ ದಾರಿಯನ್ನೇ ಬಿಡಬೇಕಿಲ್ಲ ಅನ್ನುವುದನ್ನು ಇಲ್ಲೇ ಗಮನಿಸಿ. ಗಣಿತವೂ ಎಸ್‌ಎಸ್‌ಎಲ್‌ಸಿ ಮಟ್ಟದ್ದೇ. ಕಷ್ಟ ಇರುವುದು ವೇಗದಲ್ಲಿ: 100 ಪ್ರಶ್ನೆಗೆ 120 ನಿಮಿಷ, ಅಂದರೆ ಒಂದಕ್ಕೆ 72 ಸೆಕೆಂಡ್. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತ. ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ ಯುಪಿಎಸ್‌ಸಿ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಹತ್ತು ಪತ್ರಿಕೆ ಪ್ರಿಂಟ್ ಹಾಕಿಸಿ, ಗಡಿಯಾರ ಮುಂದಿಟ್ಟುಕೊಂಡು ಬಿಡಿಸಿ, ತಪ್ಪಾದದ್ದನ್ನು ಬೇರೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ ಪ್ಯಾಕೇಜಿನ ದಪ್ಪ ಪುಸ್ತಕ ಮಾಡುವ ಕೆಲಸ ಆಗಿಹೋಗುತ್ತದೆ. ಅರ್ಜಿ ಶುಲ್ಕ 200 ರೂಪಾಯಿ, ಹೆಣ್ಣುಮಕ್ಕಳಿಗೆ ಮತ್ತು ಪರಿಶಿಷ್ಟರಿಗೆ ಅದೂ ಇಲ್ಲ. ಹಾಸನದಲ್ಲಿ ಪರೀಕ್ಷಾ ಕೇಂದ್ರವಿಲ್ಲ. ಮೊದಲು ಅರ್ಜಿ ಹಾಕಿದವರಿಗೆ ಮೊದಲು ಕೇಂದ್ರ ಅನ್ನುವ ಲೆಕ್ಕ ಇರುವುದರಿಂದ, ಕೊನೇ ದಿನದವರೆಗೆ ಕಾದರೆ ಬೆಂಗಳೂರು ತುಂಬಿ ದೂರದ ಊರು ಬೀಳಬಹುದು.

ನಿಜವಾದ ಪರೀಕ್ಷೆ ಇರುವುದು ಎಸ್‌ಎಸ್‌ಬಿಯ ಐದು ದಿನಗಳಲ್ಲಿ. ಭೂಸೇನೆಯ ಆಯ್ಕೆ ಕೇಂದ್ರ ಬೆಂಗಳೂರಿನಲ್ಲಿದೆ, ವಾಯುಪಡೆಯದ್ದು ನಮಗೆ ಇನ್ನೂ ಹತ್ತಿರ, ಮೈಸೂರಿನಲ್ಲಿ. ಆದರೆ ಭೋಪಾಲವೋ ಪ್ರಯಾಗ್‌ರಾಜೋ ಬಂದರೂ ಹೊರಡುವ ಸಿದ್ಧತೆ ಇರಲಿ. ಒಂದು ಬಗೆಯ ಪ್ರವೇಶಕ್ಕೆ ಮೊದಲ ಸಲ ಎಸ್‌ಎಸ್‌ಬಿಗೆ ಹೋಗುವವರಿಗೆ ಎಸಿ ಮೂರನೇ ದರ್ಜೆಯ ರೈಲು ದರ ವಾಪಸ್ ಸಿಗುತ್ತದೆ, ಟಿಕೆಟ್ ಜೋಪಾನವಾಗಿಡಿ.

ಮೊದಲ ದಿನವೇ ದೊಡ್ಡ ಜರಡಿ. ಬುದ್ಧಿಮತ್ತೆಯ ಪ್ರಶ್ನೆಗಳಾದ ಮೇಲೆ ಮಸುಕಾದ ಒಂದು ಚಿತ್ರವನ್ನು 30 ಸೆಕೆಂಡ್ ತೋರಿಸುತ್ತಾರೆ. ಕೆಲವೇ ನಿಮಿಷದಲ್ಲಿ ಕತೆ ಬರೆದು, ಒಬ್ಬೊಬ್ಬರಾಗಿ ಹೇಳಿ, ಗುಂಪಿನಲ್ಲಿ ಚರ್ಚಿಸಿ ಒಂದು ಕತೆಗೆ ಬರಬೇಕು. ಕೋಚಿಂಗಿನ ಅತಿ ದೊಡ್ಡ ಹಾನಿ ಆಗುವುದು ಇಲ್ಲಿ. ಯಾವ ಚಿತ್ರ ಬಂದರೂ ಹಳ್ಳಿಗೆ ಡಾಕ್ಟರ್ ಬಂದು ಆರೋಗ್ಯ ಶಿಬಿರ ಮಾಡಿದ ಕತೆಯನ್ನೇ ಬರೆಯಲು ಕಲಿಸಿರುತ್ತಾರೆ. ಚಿತ್ರದಲ್ಲಿ ಇಬ್ಬರು ಮರದ ಕೆಳಗೆ ನಿಂತಿದ್ದಾರೆ, ಒಬ್ಬನ ಕೈಯಲ್ಲಿ ಚೀಲವಿದೆ ಅಂದುಕೊಳ್ಳಿ. ಆ ಚೀಲದ ಮಾತೇ ಎತ್ತದ ಶಿಬಿರದ ಕತೆ ಗುಂಪಿನ ನಾಲ್ಕು ಜನರ ಬಾಯಲ್ಲಿ ಬಂದರೆ, ಎದುರು ಕೂತ ಅಧಿಕಾರಿಗೆ ಕತೆ ಬೇರೆಯವರದ್ದು ಅಂತ ಗೊತ್ತಾಗದೆ ಇರುತ್ತದೆಯೇ? ಅದೇ ಚಿತ್ರಕ್ಕೆ, ಆಲೂರಿನಿಂದ ಸಂತೆಗೆ ಹೊರಟ ಅಣ್ಣ ತಮ್ಮ ಬಸ್ ಕೆಟ್ಟು ನಿಂತಾಗ ಮೂಟೆಯನ್ನು ಇನ್ನಿಬ್ಬರ ಜೊತೆ ಗೂಡ್ಸ್ ಆಟೋಗೆ ಹಾಕಿ, ಬಾಡಿಗೆ ಹಂಚಿಕೊಂಡು ಹೊತ್ತಿಗೆ ಸರಿಯಾಗಿ ತಲುಪಿದರು ಅಂತ ಬರೆದರೆ ಸಾಕು. ಸಣ್ಣ ಕತೆ, ಆದರೆ ಕಂಡದ್ದರಿಂದ ಹುಟ್ಟಿದ್ದು.

ಎರಡನೇ ದಿನ ಮನೋವಿಜ್ಞಾನದ ಪರೀಕ್ಷೆಗಳು. ತೋರಿಸಿದ ಚಿತ್ರಗಳಿಗೆ ಹನ್ನೆರಡು ಕತೆ, ಕೊನೆಯದಕ್ಕೆ ಚಿತ್ರವಿಲ್ಲದ ಖಾಲಿ ಪರದೆ; ಒಂದೊಂದಕ್ಕೆ ನಾಲ್ಕು ನಿಮಿಷ. 60 ಪದ, ಪದಕ್ಕೆ 15 ಸೆಕೆಂಡಿನಲ್ಲಿ ಒಂದು ವಾಕ್ಯ. 60 ಸನ್ನಿವೇಶ, ಒಂದೊಂದರಲ್ಲಿ ತಾನು ಏನು ಮಾಡುತ್ತೇನೆ ಅಂತ ಬರೆಯಲು ಒಟ್ಟು 30 ನಿಮಿಷ. ಆಮೇಲೆ 15 ನಿಮಿಷದಲ್ಲಿ ತನ್ನ ಬಗ್ಗೆ ತಾನೇ ಬರೆಯುವುದು. ಮನಶ್ಶಾಸ್ತ್ರಜ್ಞರು ಈ ಹಾಳೆಗಳಿಂದ, ಮೈದಾನದ ಅಧಿಕಾರಿ ಅಲ್ಲಿ ಕಂಡದ್ದರಿಂದ, ಸಂದರ್ಶನದ ಅಧಿಕಾರಿ ಮಾತಿನಿಂದ, ಹೀಗೆ ಮೂವರೂ ಬೇರೆಬೇರೆಯಾಗಿ ಆಫೀಸರ್‌ನಲ್ಲಿ ಇರಬೇಕಾದ ಅದೇ 15 ಗುಣಗಳನ್ನು ಅಳೆಯುತ್ತಾರೆ. ಐದನೇ ದಿನ ಕಾನ್ಫರೆನ್ಸಿನಲ್ಲಿ ಮೂವರ ಲೆಕ್ಕವೂ ಒಟ್ಟಿಗೆ ಮೇಜಿನ ಮೇಲೆ ಬರುತ್ತದೆ. ಕಾಗದದ ಮೇಲೆ ಧೀರ, ಮೈದಾನದಲ್ಲಿ ಮೂಕ ಆದರೆ ಲೆಕ್ಕ ತಾಳೆಯಾಗುವುದಿಲ್ಲ. ಆದ್ದರಿಂದ ಕೋಚಿಂಗಿನಿಂದ ಇಲ್ಲಿ ಕೊಳ್ಳಬೇಕಾದ್ದು ವೇಗದ ಅಭ್ಯಾಸ ಮಾತ್ರ, ಉತ್ತರ ಅಲ್ಲ. ವೇಗಕ್ಕೂ ಮನೆಯಲ್ಲಿ ಮೊಬೈಲ್ ಟೈಮರ್ ಸಾಕು.

ಭಾಷೆಯ ವಿಚಾರ ನಮ್ಮ ಮಕ್ಕಳಿಗೆ ದೊಡ್ಡದು. ಎಸ್‌ಎಸ್‌ಬಿಯಲ್ಲಿ ನಡೆಯುವುದು ಇಂಗ್ಲಿಷ್ ಮತ್ತು ಹಿಂದಿ. ಕನ್ನಡ ಮಾಧ್ಯಮದಲ್ಲಿ ಓದಿದವರು ಸೋಲುವುದು ವ್ಯಾಕರಣದ ತಪ್ಪಿನಿಂದಲ್ಲ, ತಪ್ಪಾದೀತು ಅಂತ ಬಾಯಿ ಬಿಡದೆ ಕೂರುವುದರಿಂದ. ಗುಂಪು ಚರ್ಚೆಯಲ್ಲಿ ಎರಡು ಸಲ, ಐದೈದು ಪದದ ಸರಳ ವಾಕ್ಯದಲ್ಲಿ ಮಾತಾಡಿದವರು ಮೌನವಾಗಿ ಕೂತವರಿಗಿಂತ ಎಷ್ಟೋ ಮುಂದೆ. ಇದನ್ನು ಒಬ್ಬರೇ ಕೂತು ಕಲಿಯಲಾಗುವುದಿಲ್ಲ, ಎಂಟು ಹತ್ತು ಜನ ಬೇಕು. ಪ್ಯಾಕೇಜಿನಲ್ಲಿ ದುಡ್ಡಿಗೆ ಬೆಲೆ ಇರುವ ಭಾಗ ಇದೇ. ಡೆಮೊ ತರಗತಿಯಲ್ಲಿ ಒಂದು ಗಂಟೆಗೆ ಪ್ರತಿ ವಿದ್ಯಾರ್ಥಿ ಎಷ್ಟು ನಿಮಿಷ ಮಾತಾಡಿದ ಅಂತ ಎಣಿಸಿ. ಮೇಷ್ಟ್ರೇ ಐವತ್ತು ನಿಮಿಷ ಮಾತಾಡಿದರೆ ಎದ್ದು ಬನ್ನಿ.

ಮೈದಾನದ ಭಾಗಕ್ಕೆ ನಾವು ಅರ್ಧ ಅಂಕ ಕೊಡುತ್ತೇವೆ. ಹಲಗೆ, ಗಳ, ಹಗ್ಗ ಇಟ್ಟುಕೊಂಡು ಗುಂಪಾಗಿ ಅಡೆತಡೆ ದಾಟುವಾಗ ಕೆಂಪು ಬಣ್ಣದ ಜಾಗ ಮುಟ್ಟಬಾರದು, ನಾಲ್ಕು ಅಡಿಗಿಂತ ದೊಡ್ಡ ಅಂತರವನ್ನು ಹಾರಬಾರದು ಅನ್ನುವಂಥ ನಿಯಮಗಳನ್ನು ಒಮ್ಮೆ ಕೈಯಾರೆ ಮಾಡಿ ನೋಡಿದರೆ ಗಾಬರಿ ಇಳಿಯುತ್ತದೆ. ಅದಕ್ಕೆ ಒಂದು ದಿನ ಸಾಕು, ಹದಿನೈದು ದಿನ ಬೇಡ. ಒಬ್ಬೊಬ್ಬರೇ ಮಾಡುವ ಹತ್ತು ಅಡೆತಡೆಗೆ ಮೂರು ನಿಮಿಷ. ಅದಕ್ಕೆ ಬೇಕಾದ ತೋಳಿನ ಬಲವನ್ನು ಯಾವ ಕೋಚಿಂಗೂ ಕೊಡಲಾರದು.

ಮಾಕ್ ಇಂಟರ್‌ವ್ಯೂ ಒಳ್ಳೆಯದೇ, ಆದರೆ ಕೇಳುವವರಿಗೆ ನಮ್ಮ ಜಿಲ್ಲೆ ಗೊತ್ತಿರಬೇಕು. ಹಾಸನದವರು ಅಂದಮೇಲೆ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಏನು ಮಾಡುತ್ತದೆ, ಬೇಲೂರು ಹಳೇಬೀಡು ಯುನೆಸ್ಕೋ ಪಟ್ಟಿಗೆ ಸೇರಿದ್ದು ಯಾವಾಗ ಎಂಬ ಪ್ರಶ್ನೆ ಬರಬಹುದು. 1982ರಿಂದ ಈ ಇಸ್ರೋ ಕೇಂದ್ರದಲ್ಲಿ ಭೂಸ್ಥಿರ ಉಪಗ್ರಹಗಳ ನಿಯಂತ್ರಣ ನಡೆಯುತ್ತಿದೆ. ಹೊಯ್ಸಳ ದೇವಾಲಯಗಳು ಪಟ್ಟಿಗೆ ಸೇರಿದ್ದು 2023ರಲ್ಲಿ. ಗೊರೂರಿನ ಹೇಮಾವತಿ ಅಣೆಕಟ್ಟು, ಸಕಲೇಶಪುರದ ಕಾಡಾನೆ ಸಮಸ್ಯೆ, ಎತ್ತಿನಹೊಳೆ ಇವುಗಳ ಬಗ್ಗೆ ಎರಡು ನಿಮಿಷ ಮಾತಾಡಲು ಬಾರದವರು ವಿದೇಶಾಂಗ ನೀತಿ ಬಾಯಿಪಾಠ ಮಾಡಿ ಏನು ಪ್ರಯೋಜನ?

ಕೋಚಿಂಗಿನ ಕರಪತ್ರದಲ್ಲಿ ಸಾಮಾನ್ಯವಾಗಿ ಕಾಣದ ದಾರಿಯೊಂದಿದೆ: ಎನ್‌ಸಿಸಿ ವಿಶೇಷ ಪ್ರವೇಶ. ‘ಸಿ’ ಸರ್ಟಿಫಿಕೇಟಿನಲ್ಲಿ ಕನಿಷ್ಠ ಬಿ ಗ್ರೇಡ್, ಡಿಗ್ರಿಯಲ್ಲಿ 50 ಶೇಕಡಾ ಇದ್ದರೆ ಲಿಖಿತ ಪರೀಕ್ಷೆ ಇಲ್ಲದೆ ನೇರ ಎಸ್‌ಎಸ್‌ಬಿಗೆ ಅರ್ಜಿ ಹಾಕಬಹುದು. ಸಿಡಿಎಸ್‌ನಲ್ಲೂ ಐಎಂಎಯ 100 ಸೀಟಿನಲ್ಲಿ 13 ಇವರಿಗೇ ಮೀಸಲು. ಎಡವುವುದು ಸಮಯದಲ್ಲಿ. ‘ಬಿ’ ಆದಮೇಲೆ ‘ಸಿ’, ಪರೇಡಿನ ಹಾಜರಿ, ಕ್ಯಾಂಪು ಎಲ್ಲ ಮೂರು ವರ್ಷದೊಳಗೆ ಮುಗಿಯಬೇಕು. ಮೊದಲ ಸೆಮಿಸ್ಟರಿನ ದಾಖಲಾತಿ ತಪ್ಪಿದರೆ ಮೂರು ವರ್ಷದ ಡಿಗ್ರಿಯಲ್ಲಿ ಮತ್ತೆ ಹೊಂದಿಸುವುದು ಬಹಳ ಕಷ್ಟ. ಕ್ಯಾಂಪಿನಲ್ಲಿ ಸಿಗುವ ಗುಂಪಿನ ಅಭ್ಯಾಸ ದುಡ್ಡು ಕೊಟ್ಟರೂ ಸಿಗುವಂಥದ್ದಲ್ಲ.

ಇನ್ನೊಂದು ವಿಷಯವನ್ನು ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ಒಟಿಎಯಿಂದ ಬರುವುದು ಶಾರ್ಟ್ ಸರ್ವಿಸ್: 10 ವರ್ಷ, ಬೇಕಿದ್ದರೆ ಇನ್ನೂ 4. ಪೂರ್ಣಾವಧಿಗೆ ಆಯ್ಕೆಯಾಗದಿದ್ದರೆ ಪಿಂಚಣಿ ಇಲ್ಲದೆ ಮೂವತ್ತರ ಹರೆಯದಲ್ಲಿ ಹೊರಬರಬೇಕು. ತರಬೇತಿಯಲ್ಲೇ ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್ ಅನ್ನುವುದು ನಿಜ, ಅದರ ಜೊತೆಗೆ ಇದೂ ನಿಜ.

ಕೋಚಿಂಗಿಗೆ ಎತ್ತಿಟ್ಟ ದುಡ್ಡಿನಲ್ಲಿ ಸ್ವಲ್ಪವನ್ನು ಮೊದಲು ವೈದ್ಯರಿಗೆ ಕೊಡಿ. ಕಣ್ಣು, ಬಣ್ಣ ಗುರುತಿಸುವ ಶಕ್ತಿ, ಕಿವಿಯ ಗುಗ್ಗೆ, ಹಲ್ಲು, ಮೊಣಕಾಲು ತಾಗುವಿಕೆ, ಚಪ್ಪಟೆ ಪಾದ ಇಷ್ಟನ್ನು ಹಾಸನದ ಜಿಲ್ಲಾ ಆಸ್ಪತ್ರೆಯಲ್ಲೇ ತೋರಿಸಿಕೊಳ್ಳಬಹುದು. ಬಣ್ಣದ ದೋಷ ಎಸ್‌ಎಸ್‌ಬಿ ಗೆದ್ದಮೇಲೆ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಗಲಿ. ಓಟದ ಗುರಿ 2.4 ಕಿಲೋಮೀಟರ್ ಹತ್ತೂವರೆ ನಿಮಿಷದಲ್ಲಿ; 400 ಮೀಟರ್ ಟ್ರ್ಯಾಕಿನಲ್ಲಿ ಆರು ಸುತ್ತು, ಸುತ್ತಿಗೆ 105 ಸೆಕೆಂಡ್. ಮೊದಲ ಸುತ್ತನ್ನೇ 85ರಲ್ಲಿ ಓಡಿದವರು ನಾಲ್ಕನೆಯದರಲ್ಲಿ ಕುಸಿಯುತ್ತಾರೆ. ಜೊತೆಗೆ 40 ಪುಷ್‌ಅಪ್, 6 ಪುಲ್‌ಅಪ್. ಮಳೆಗಾಲದಲ್ಲಿ ಮಲೆನಾಡಿನ ಕೆಸರು ಮೈದಾನದಲ್ಲಿ ಓಡಿ ಕಣಕಾಲು ಉಳುಕಿಸಿಕೊಳ್ಳುವ ಬದಲು ಆ ಮೂರು ತಿಂಗಳು ಮೆಟ್ಟಿಲು ಹತ್ತಿ, ಪುಲ್‌ಅಪ್ ಹೆಚ್ಚಿಸಿಕೊಳ್ಳಿ.

ಫೀಸ್ ಕಟ್ಟುವ ಮುಂಚೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಮ್ಮ ಕಡೆ ಒಂದರಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದು ದಾಖಲೆಯಲ್ಲಿ ತಂದೆಯ ಹೆಸರು ಪೂರ್ತಿ. ಅರ್ಜಿಗೆ ಬೇಕಾದ್ದು ಹತ್ತನೇ ತರಗತಿಯ ದಾಖಲೆಯಲ್ಲಿ ಇರುವಂಥ ಹೆಸರು ಮತ್ತು ಹುಟ್ಟಿದ ದಿನ. ಆಧಾರ್ ತಿದ್ದುಪಡಿಗೆ ದಿನ ಹಿಡಿಯುತ್ತದೆ, ಅಧಿಸೂಚನೆ ಬರುವವರೆಗೆ ಕಾಯಬೇಡಿ.