ದಶಮಾಂಶದ ಸ್ಥಾನಬೆಲೆ ಕಲಿಸಲು ರೂಪಾಯಿ-ಪೈಸೆಯೋ, ಮೀಟರ್ ಪಟ್ಟಿಯೋ?

ಬಿಡಿ, ಹತ್ತು, ನೂರುಗಳನ್ನು ಕಲಿಸಲು ಕಡ್ಡಿಕಟ್ಟುಗಳೇ ಸಾಕು. ಆಯ್ಕೆಯ ಪ್ರಶ್ನೆ ಏಳುವುದು ದಶಮಾಂಶ ಬಿಂದುವಿನ ಬಲಕ್ಕೆ ಹೋದಾಗ. ರೂಪಾಯಿ-ಪೈಸೆ ಪರಿಚಿತವೆನಿಸಿದರೂ, 25 ಪೈಸೆ ಹಾಗೂ ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳ ಚಲಾವಣೆ 2011ರಲ್ಲೇ ನಿಂತಿರುವುದರಿಂದ ಇಂದಿನ ಮಗುವಿಗೆ ಪೈಸೆ ಬರಿಯ ಮಾತು, ಮೇಲಾಗಿ 4.35 ಅನ್ನು ‘ನಾಲ್ಕು ರೂಪಾಯಿ ಮೂವತ್ತೈದು ಪೈಸೆ’ ಎಂದು ಓದುವ ರೂಢಿಯಿಂದ, ಬಿಂದುವಿನ ಆಚೆಗೂ ಪೂರ್ಣಸಂಖ್ಯೆಯೇ ಇದೆಯೆಂದು ಮಗು ಭಾವಿಸಿ, ಐದಕ್ಕಿಂತ ಮೂವತ್ತೈದು ದೊಡ್ಡದಲ್ಲವೇ ಎಂದು 4.5ಕ್ಕಿಂತ 4.35 ಅನ್ನೇ ದೊಡ್ಡದು ಮಾಡಿಬಿಡುತ್ತದೆ.

ಮೊದಲ ಪಾಠಕ್ಕೆ ನಾನಂತೂ ಮೀಟರ್ ಪಟ್ಟಿಯನ್ನೇ ಆರಿಸುತ್ತೇನೆ. ಅದರಲ್ಲಿ 0.5 ಮೀಟರ್ ಎಂದರೆ ಐದು ದಶಾಂಶ (ಹತ್ತು ಸಮಭಾಗಗಳಲ್ಲಿ ಐದು), ಅಂದರೆ 50 ಸೆಂಟಿಮೀಟರ್; 0.35 ಎಂದರೆ ಮೂರು ದಶಾಂಶ, ಐದು ಶತಾಂಶ (ನೂರು ಸಮಭಾಗಗಳಲ್ಲಿ ಐದು), ಅಂದರೆ 35 ಸೆಂಟಿಮೀಟರ್. ಎರಡೂ ಗೆರೆಗಳ ಮೇಲೆ ಬೆರಳಿಟ್ಟರೆ ವಾದಕ್ಕೆ ಎಡೆಯೇ ಇಲ್ಲ. ದರ್ಜಿಯ ಟೇಪು ಮಾತ್ರ ಬೇಡ. ಅದರಲ್ಲಿ ಇಂಚುಗಳೂ ಇರುತ್ತವೆ.